ತನ್ನವರಿಗೆ ಬೇಡವಾದದ್ದು

ಪರರ ದೌರ್ಬಲ್ಯವನ್ನು ನೆಚ್ಚಿ ಬದುಕುವುದು ಒಳ್ಳೆಯ ಬಾಳಲ್ಲವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಪರರು ಯಾರ ಬಲವಂತವೂ ಇಲ್ಲದೆ ತಾವಾಗಿಯೇ ನಮ್ಮ ಬಾಗಿಲಿಗೆ ಬಂದರೆ? ನಾವು ಅವರಿಗೆ ಸುಳ್ಳು ಹೇಳದೆ, ತೂಕದಲ್ಲಿ ಮೋಸ ಮಾಡದೆ, ನಿಯಮಗಳನ್ನೆಲ್ಲ ಮೊದಲೇ ತಿಳಿಸಿದ್ದರೆ? ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಆ ಬಾಗಿಲನ್ನು ನಮ್ಮ ಮನೆಯ ಮಕ್ಕಳಿಗೆ ಮಾತ್ರ ಭದ್ರವಾಗಿ ಮುಚ್ಚಿ, ಬೀದಿಯಲ್ಲಿ ಹೋಗುವವರಿಗೆ ತೆರೆದಿಟ್ಟರೆ ಅದನ್ನು ಏನೆನ್ನಬೇಕು? ವಿವೇಕವೆನ್ನಬೇಕೆ, ವಂಚನೆಯೆನ್ನಬೇಕೆ?

ಇದು ತರ್ಕದ ತರಗತಿಗೆಂದು ಹೆಣೆದ ಪ್ರಶ್ನೆಯಲ್ಲ. ಇದಕ್ಕೆ ತನ್ನ ಕಾನೂನಿನಲ್ಲಿಯೇ ಉತ್ತರ ಬರೆದಿಟ್ಟುಕೊಂಡಿರುವ ಒಂದು ದೇಶ ಮೆಡಿಟರೇನಿಯನ್ ಸಮುದ್ರದ ದಡದಲ್ಲಿದೆ. ಅದರ ಹೆಸರು ಮೊನಾಕೊ. ದೇಶವೆಂದರೆ ಎರಡು ಚದರ ಕಿಲೋಮೀಟರಿಗೆ ತುಸು ಮಿಕ್ಕ ನೆಲ. ನಮ್ಮ ಲಾಲ್‌ಬಾಗಿನಂಥ ಎರಡು ತೋಟಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಹೆಚ್ಚುಕಡಿಮೆ ಅದರ ಎಲ್ಲೆ ಮುಗಿಯಿತು. ಅಷ್ಟರಲ್ಲಿ ಒಬ್ಬ ರಾಜಕುಮಾರನ ಆಳ್ವಿಕೆ, ಅರಮನೆ, ಬಂದರು, ಮೂವತ್ತೆಂಟು ಸಾವಿರದಷ್ಟು ಜನ. ಅವರಲ್ಲಿ ಆ ನಾಡಿನ ಪೌರರು ಕಾಲು ಭಾಗ ಮಾತ್ರ. ಉಳಿದವರು ಹೊರಗಿನಿಂದ ಬಂದು ನೆಲೆಸಿದವರು, ಅವರಲ್ಲಿ ಭಾರಿ ಸಿರಿವಂತರು ಬಹಳ. ಬೆಳಗಾದರೆ ಫ್ರಾನ್ಸಿನಿಂದಲೂ ಇಟಲಿಯಿಂದಲೂ ಐವತ್ತು ಸಾವಿರದಷ್ಟು ಜನ ಕೆಲಸಕ್ಕೆ ಬಂದು ಸಂಜೆ ಮನೆಗೆ ಹಿಂದಿರುಗುತ್ತಾರೆ. ವಾಸಿಸುವವರಿಗಿಂತ ದುಡಿಯಲು ಬರುವವರೇ ಹೆಚ್ಚಾಗಿರುವ ದೇಶ ಅದು.

ನನ್ನ ಅಕ್ಕನ ಮಗ ಫ್ರಾನ್ಸಿನ ನೀಸ್ ನಗರದ ಬಳಿ, ಸೋಫಿಯಾ ಆಂಟಿಪೋಲಿಸ್ ಎಂಬ ತಾಂತ್ರಿಕ ನಗರಿಯಲ್ಲಿ ಎಂಜಿನಿಯರು. ಬೇಸಿಗೆಯ ರಜೆಯಲ್ಲಿ ನಾವು ಮೂವರೂ ಅವನ ಮನೆಗೆ ಹೋಗಿದ್ದಾಗ ಒಂದು ದಿನ ಮೊನಾಕೊಗೆ ಹೊರಡುವುದೆಂದಾಯಿತು. ರೈಲಿನಲ್ಲಿ ಹೋದರೆ ಅರ್ಧ ಗಂಟೆಯೂ ಬೇಡ. ಆದರೆ ಅಲ್ಲಿನ ರೈಲು ನಿಲ್ದಾಣ ಬೆಟ್ಟದ ಹೊಟ್ಟೆಯಲ್ಲಿದೆ; ಇಳಿದಾಗ ಊರೇ ಕಾಣುವುದಿಲ್ಲ. “ಆ ಊರನ್ನು ಸಮುದ್ರದ ಕಡೆಯಿಂದಲೇ ನೋಡಬೇಕು ಮಾವ” ಎಂದು ಅವನು ದೋಣಿಯ ಟಿಕೆಟ್ ಕೊಂಡ.

ಅವನ ಮಾತು ನಿಜ. ನೀಸಿನ ಹಳೆಯ ಬಂದರನ್ನು ಬಿಟ್ಟ ದೋಣಿ ದಡಕ್ಕೆ ಸಮೀಪವಾಗಿಯೇ ಪೂರ್ವಕ್ಕೆ ಸಾಗುತ್ತದೆ. ವಿಲ್‌ಫ್ರಾಂಶ್ ಕೊಲ್ಲಿ, ಕ್ಯಾಪ್ ಫೆರಾ ಭೂಶಿರದ ದೀಪಸ್ತಂಭ, ಪೈನ್ ಮರಗಳ ನಡುವೆ ಕುಬೇರರ ಬಂಗಲೆಗಳು, ಎತ್ತರದ ಬಂಡೆಯ ನೆತ್ತಿಯಲ್ಲಿ ಹಕ್ಕಿಯ ಗೂಡಿನಂತೆ ಕುಳಿತ ಎಜ್ ಎಂಬ ಹಳ್ಳಿ. ಕೊನೆಗೆ ಒಂದು ತಿರುವಿನಲ್ಲಿ ಸಮುದ್ರದೊಳಕ್ಕೆ ಚಾಚಿದ ಬಂಡೆಯೊಂದು ಎದುರಾಗುತ್ತದೆ. ಅದರ ಮೇಲೆ ಅರಮನೆ. ಅದರ ಅಂಚಿನಲ್ಲಿ ನೀರಿನಿಂದಲೇ ಎದ್ದಂತೆ ಸಮುದ್ರವಿಜ್ಞಾನದ ಮ್ಯೂಸಿಯಂ. ಬಂಡೆಯನ್ನು ಸುತ್ತಿ ಬಂದರಿಗೆ ಹೊಕ್ಕರೆ ಬೆಟ್ಟದ ಇಳಿಜಾರಿನಲ್ಲಿ ಒಂದರ ಹೆಗಲೇರಿ ಒಂದು ನಿಂತ ಕಟ್ಟಡಗಳು. ಕೆಳಗೆ ಬೆಳ್ಳಗೆ ಸಾಲುಗಟ್ಟಿದ ವಿಹಾರ ನೌಕೆಗಳು. ಒಂದೊಂದು ನೌಕೆಯ ಮುಂದೆಯೂ ನಮ್ಮ ದೋಣಿ ಬಡ ನೆಂಟನಂತೆ ಕಾಣುತ್ತಿತ್ತು. ಜಾಗ ಸಾಲದೆ ಈ ದೇಶ ಸಮುದ್ರವನ್ನೇ ತುಂಬಿ ನೆಲ ಮಾಡಿಕೊಂಡಿದೆ. ಫಾಂಟ್‌ವಿಯೆಯ್ ಎಂಬ ಬಡಾವಣೆ ಹಾಗೆ ಹುಟ್ಟಿದ್ದು. 2024ರ ಡಿಸೆಂಬರಿನಲ್ಲಿ ಆರು ಹೆಕ್ಟೇರುಗಳ ಮತ್ತೊಂದು ಬಡಾವಣೆ ಉದ್ಘಾಟನೆಯಾಯಿತು.

ಇಷ್ಟು ಸಿರಿ ಎಲ್ಲಿಂದ ಬಂತು? ಒಂದೂಮುಕ್ಕಾಲು ಶತಮಾನದ ಹಿಂದೆ ಈ ಊರು ಬಡವಾಗಿತ್ತು. ಆಗ ಮಾಂತೋನ್ ಮತ್ತು ರಾಕ್‌ಬ್ರೂನ್ ಎಂಬ ಎರಡು ಊರುಗಳು ಅದಕ್ಕೆ ಸೇರಿದ್ದವು. ನಿಂಬೆ, ಆಲಿವ್ ಬೆಳೆಯುವ ಆ ಊರುಗಳೇ ರಾಜ್ಯದ ಆದಾಯದ ಮೂಲ. ತೆರಿಗೆಯ ಭಾರ ತಾಳದೆ ಆ ಜನ 1848ರಲ್ಲಿ ಸಿಡಿದೆದ್ದು ಬೇರೆಯಾದರು. 1861ರಲ್ಲಿ ರಾಜಕುಮಾರ ಮೂರನೆಯ ಚಾರ್ಲ್ಸ್ ನಲವತ್ತು ಲಕ್ಷ ಫ್ರಾಂಕು ಪಡೆದು ಅವುಗಳ ಮೇಲಿನ ಹಕ್ಕನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟ. ನೆಲದ ಬಹುಪಾಲು ಹೋಯಿತು, ಉಳಿದದ್ದು ಬಂಡೆ. ಬಂಡೆಯ ಮೇಲೆ ಏನು ಬೆಳೆಯಬಹುದು?

ಜೂಜು ಬೆಳೆಯಬಹುದೆಂದು ತೋರಿಸಿಕೊಟ್ಟವನು ಫ್ರಾಂಸ್ವಾ ಬ್ಲಾಂಕ್. ಪ್ಯಾರಿಸಿನ ಜೂಜುಮನೆಗಳು 1837ರ ಕೊನೆಗೆ ಮುಚ್ಚಿದ್ದವು. ಬ್ಲಾಂಕ್ ಜರ್ಮನಿಯ ಹೊಂಬುರ್ಗಿನಲ್ಲಿ ಅಂಗಡಿ ತೆರೆದು ಹಣ ಮಾಡಿದ. 1863ರಲ್ಲಿ ಮೊನಾಕೊಗೆ ಬಂದು ಕ್ಯಾಸಿನೊದ ಪರವಾನಿಗೆ ಪಡೆದ. 1868ರಲ್ಲಿ ರೈಲು ಬಂತು. 1872ರ ಕೊನೆಗೆ ಜರ್ಮನಿಯೂ ತನ್ನ ಜೂಜುಮನೆಗಳನ್ನು ಮುಚ್ಚಿತು. ಯುರೋಪಿನ ಜೂಜುಗಾರರಿಗೆ ಈ ಬಂಡೆಯೇ ಕಾಶಿಯಾಯಿತು. ಕ್ಯಾಸಿನೊ ಎದ್ದ ಗುಡ್ಡಕ್ಕೆ ರಾಜಕುಮಾರನ ಹೆಸರೇ ಬಂದು ಅದು ಮಾಂಟೆ ಕಾರ್ಲೊ ಆಯಿತು. ಬ್ಲಾಂಕ್ ಎಂದರೆ ಫ್ರೆಂಚಿನಲ್ಲಿ ಬಿಳಿ. ಕೆಂಪು ಗೆಲ್ಲಲಿ, ಕಪ್ಪು ಗೆಲ್ಲಲಿ, ಕಡೆಗೆ ಗೆಲ್ಲುವುದು ಬಿಳಿಯೇ ಎಂದು ಜನ ನಗೆಯಾಡುತ್ತಿದ್ದರಂತೆ. ಆ ಆದಾಯದ ಬಲದಿಂದ 1869ರಲ್ಲಿ ರಾಜಕುಮಾರ ತನ್ನ ಪ್ರಜೆಗಳ ನೇರ ತೆರಿಗೆಗಳನ್ನು ರದ್ದು ಮಾಡಿದ. ತೆರಿಗೆಯಿಂದ ರಾಜ್ಯ ಕಳೆದುಕೊಂಡವನಿಗೆ ತೆರಿಗೆಯೇ ಇಲ್ಲದ ರಾಜ್ಯ ದೊರಕಿತು. ಜೊತೆಗೇ ಇನ್ನೊಂದು ಕಟ್ಟಳೆಯೂ ಬಂತು: ಮೊನಾಕೊದ ಪೌರರು ಈ ಕ್ಯಾಸಿನೊದಲ್ಲಿ ಜೂಜಾಡಕೂಡದು. ಆ ಕಟ್ಟಳೆ ಇಂದಿಗೂ ಇದೆ.

ಕ್ಯಾಸಿನೊದ ಹೊರ ಹಜಾರದವರೆಗೆ ನಾವೂ ಹೋದೆವು. ಅಮೃತಶಿಲೆಯ ಕಂಬಗಳು, ಚಿನ್ನದ ಲೇಪ. ಪ್ಯಾರಿಸಿನ ಒಪೆರಾ ಭವನವನ್ನು ಕಟ್ಟಿದ ಶಾರ್ಲ್ ಗಾರ್ನಿಯೆಯ ಕೈ ಇಲ್ಲಿಯೂ ಆಡಿದೆ. ನನ್ನ ಮಗಳಿಗೆ ಹದಿನೇಳು ವರ್ಷ. ಹದಿನೆಂಟು ತುಂಬದವರಿಗೆ ಒಳಗೆ ಪ್ರವೇಶವಿಲ್ಲವಾದ್ದರಿಂದ ನಾವೆಲ್ಲರೂ ಅಲ್ಲಿಯೇ ನಿಂತೆವು. “ಗುರುತಿನ ಚೀಟಿ ನೋಡುವುದು ವಯಸ್ಸಿಗೆ ಮಾತ್ರ ಅಲ್ಲ ಮಾವ, ಈ ಊರಿನವರು ಯಾರಾದರೂ ಆಡಲು ಕೂತಾರೇ ಅಂತಲೂ ನೋಡುತ್ತಾರೆ” ಎಂದು ಅಳಿಯ ವಿವರಿಸಿದ. ನನ್ನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇದು ನೆಂಟರಿಗೆ ಮಾತ್ರ ಬಡಿಸೋ ಅಡಿಗೆ ಅನ್ನು. ಮನೆಯವರು ಮುಟ್ಟೋದಿಲ್ಲ” ಎಂದಳು. ಅಳಿಯ ನಕ್ಕುಬಿಟ್ಟ. ಆದರೆ ಆ ಮಾತು ಅವನನ್ನೂ ಬಿಡಲಿಲ್ಲ, ನನ್ನನ್ನೂ ಬಿಡಲಿಲ್ಲ. ಕೆಳಗಿನ ಬಂದರಿನ ಕಟ್ಟೆಯ ಮೇಲೆ ಕುಳಿತು ಚಪಾತಿಯ ಬುತ್ತಿ ಬಿಚ್ಚಿದಾಗ ವಾದ ಮೊದಲಾಯಿತು.

ಅವನ ವಾದವನ್ನು ಅವನಿಗೆ ಅನ್ಯಾಯವಾಗದಂತೆ ಹೇಳುತ್ತೇನೆ. ಒಂದು: ಆಡುವವರು ಪ್ರಾಯಕ್ಕೆ ಬಂದವರು, ಅವರ ದುಡ್ಡು ಅವರ ಇಷ್ಟ. ಅದನ್ನು ಬೇಡವೆನ್ನಲು ನಾವು ಯಾರು? ಎರಡು: ಕೆಲವೇ ಸಾವಿರ ಪೌರರಿರುವ ಊರಿನಲ್ಲಿ ಚಕ್ರ ತಿರುಗಿಸುವವನೂ ಆಡುವವನೂ ನೆರೆಮನೆಯವರೋ ದಾಯಾದಿಗಳೋ ಆಗುತ್ತಾರೆ, ಒಳಸಂಚಿಗೆ ದಾರಿಯಾಗದಂತೆ ತನ್ನವರನ್ನು ದೂರವಿಡುವುದು ಜಾಣತನ. ಮೂರು: ತನ್ನವರ ಬಗ್ಗೆ ಹೆಚ್ಚು ಕಾಳಜಿ ತೋರುವುದು ತಪ್ಪಲ್ಲ, ತಂದೆ ತನ್ನ ಮಗನಿಗೆ ಹೇಳುವ ಬುದ್ಧಿಯನ್ನು ಬೀದಿಯವರಿಗೆಲ್ಲ ಹೇಳಲು ಹೋಗುವುದಿಲ್ಲ. ನಾಲ್ಕು: ಇಂದು ಮೊನಾಕೊ ಜೂಜಿನಿಂದ ಬದುಕುತ್ತಿಲ್ಲ, ಅದರ ಬೊಕ್ಕಸಕ್ಕೆ ಹೆಚ್ಚಾಗಿ ಬರುವುದು ವ್ಯಾಪಾರದ ಮೇಲಿನ ಮೌಲ್ಯವರ್ಧಿತ ತೆರಿಗೆ. ಹಳೆಯ ಕಥೆಯನ್ನು ಕೆದಕಿ ಏನು ಫಲ?

ಮೊದಲನೆಯದಕ್ಕೆ ಲೆಕ್ಕವೇ ಉತ್ತರ. ರೂಲೆಟ್ ಚಕ್ರದಲ್ಲಿ 1ರಿಂದ 36ರವರೆಗೆ ಅಂಕಿಗಳು, ಅರ್ಧ ಕೆಂಪು, ಅರ್ಧ ಕಪ್ಪು. ಜೊತೆಗೆ ಒಂದು ಸೊನ್ನೆ. ಒಟ್ಟು 37 ಮನೆ. ಒಂದು ಅಂಕಿಯ ಮೇಲೆ ಒಂದು ನಾಣ್ಯವಿಟ್ಟು ಗೆದ್ದವನ ಕೈಗೆ 36 ನಾಣ್ಯ ಬರುತ್ತದೆ. 37 ಮನೆಯ ಆಟಕ್ಕೆ 36ರ ಸಂಬಳ. ಆ ಒಂದು ನಾಣ್ಯದಲ್ಲಿ, ನೂರಕ್ಕೆ 2.7ರಲ್ಲಿ, ಈ ಅಮೃತಶಿಲೆಯೆಲ್ಲ ಅಡಗಿದೆ. ನಮ್ಮ ಭಾರತದ ಕಥೆಯಲ್ಲಿ ದಾಳ ಉರುಳಿಸಲು ಶಕುನಿ ಬೇಕಾಗಿತ್ತು. ಇಲ್ಲಿ ಶಕುನಿಯ ಅಗತ್ಯವಿಲ್ಲ, ಸೊನ್ನೆ ಸಾಕು. ಮೋಸವಿಲ್ಲ, ನಿಜ. ಆದರೆ ಮೋಸವಿಲ್ಲದಿರುವುದೇ ನ್ಯಾಯವೆ? 1913ರ ಆಗಸ್ಟ್ 18ರಂದು ಇದೇ ಕ್ಯಾಸಿನೊದಲ್ಲಿ ಚಕ್ರ ಒಂದರ ಮೇಲೊಂದು 26 ಸಲ ಕಪ್ಪಿನ ಮೇಲೆಯೇ ನಿಂತಿತು. ಇಷ್ಟು ಸಲ ಕಪ್ಪು ಬಂದ ಮೇಲೆ ಇನ್ನು ಕೆಂಪು ಬರಲೇಬೇಕೆಂದು ಜನ ಮತ್ತೆ ಮತ್ತೆ ಕೆಂಪಿನ ಮೇಲೆ ಸುರಿದು ಕಳೆದುಕೊಂಡರು. ಚಕ್ರಕ್ಕೆ ನೆನಪಿಲ್ಲ, ಮನುಷ್ಯನಿಗೆ ನೆನಪಿದೆ, ಆಸೆಯಿದೆ. ನೆನಪೂ ಆಸೆಯೂ ಸೇರಿ ಹುಟ್ಟುವ ಈ ಭ್ರಮೆಯನ್ನು ಮನೆಯ ಯಜಮಾನ ಚೆನ್ನಾಗಿ ಬಲ್ಲ. ಆಡುವವನು ಸ್ವತಂತ್ರನಿರಬಹುದು; ಅವನು ಎಲ್ಲಿ ಜಾರುತ್ತಾನೆಂಬುದನ್ನು ಮೊದಲೇ ಬಲ್ಲವನು ಅಲ್ಲಿಯೇ ಎಣ್ಣೆ ಸುರಿದಿಟ್ಟು, ‘ಅವನೇ ನಡೆದು ಬಂದ’ ಎಂದರೆ ಮಾತು ನಿಜವಾದರೂ ಮನಸ್ಸು ಒಪ್ಪುವುದಿಲ್ಲ.

ಎರಡನೆಯ ವಾದಕ್ಕೆ ಸ್ವಲ್ಪ ಬಲವಿದೆ. ಆದರೆ ಒಳಸಂಚಿನ ಭಯವಿದ್ದರೆ ನೌಕರರನ್ನೂ ಅವರ ಬಂಧುಗಳನ್ನೂ ತಡೆದರೆ ಸಾಕು; ನಾಡಿನವರನ್ನೆಲ್ಲ ತಡೆಯಬೇಕಿಲ್ಲ. ಇಡೀ ಪೌರವರ್ಗವನ್ನೇ ಹೊರಗಿಡುವ ಕಾನೂನು ಮತ್ತೇನನ್ನೋ ಹೇಳುತ್ತಿದೆ: ‘ಇದು ಸಂಸಾರಗಳನ್ನು ಹಾಳುಮಾಡುವ ವಸ್ತುವೆಂದು ನಮಗೆ ಗೊತ್ತಿದೆ.’ ನಿಷೇಧವೇ ಇಲ್ಲದಿದ್ದರೆ ‘ಇದರಲ್ಲಿ ಕೇಡಿದೆಯೆಂದು ತಿಳಿದಿರಲಿಲ್ಲ’ ಎಂದಾದರೂ ಹೇಳಬಹುದಿತ್ತು. ನಿಷೇಧ ಬರೆದ ಕೈಯೇ ತನ್ನ ವಿರುದ್ಧ ಸಾಕ್ಷಿ ಬರೆದುಕೊಟ್ಟಿದೆ.

ಮೂರನೆಯದೇ ನಿಜವಾಗಿ ಗಟ್ಟಿ ವಾದ. ತನ್ನವರನ್ನು ಹೆಚ್ಚಾಗಿ ಪ್ರೀತಿಸುವುದು ತಪ್ಪಲ್ಲ. ಹಾಗಿಲ್ಲದೆ ಸಂಸಾರವೂ ಇಲ್ಲ, ಊರೂ ಇಲ್ಲ. ಆದರೆ ತನ್ನವರಿಗೆ ಹೆಚ್ಚು ಕೊಡುವುದು ಬೇರೆ, ತನ್ನವರಿಗೆ ತಟ್ಟಬಾರದ ಕೇಡನ್ನು ಪರರ ಕಡೆಗೆ ತಿರುಗಿಸಿ ಅದರಿಂದ ಲಾಭ ಪಡೆಯುವುದು ಬೇರೆ. ನನ್ನ ಮಗಳ ಕಾಲೇಜಿನ ಫೀಜು ಕಟ್ಟಿ ನೆರೆಮನೆಯ ಹುಡುಗಿಯ ಫೀಜು ಕಟ್ಟದಿದ್ದರೆ ಯಾರೂ ನನ್ನನ್ನು ದೂರುವುದಿಲ್ಲ. ನನ್ನ ಬಚ್ಚಲ ನೀರನ್ನು ನೆರೆಯವರ ಅಂಗಳಕ್ಕೆ ಹರಿಯಬಿಟ್ಟು, ‘ನನ್ನ ಮನೆಯನ್ನು ಚೊಕ್ಕಟವಾಗಿಡುವುದು ನನ್ನ ಕರ್ತವ್ಯ’ ಎಂದರೆ ಯಾರೂ ಒಪ್ಪುವುದಿಲ್ಲ. ಗಡಿಯೆಂಬುದು ಬೇಲಿಯಾಗಿರುವವರೆಗೆ ಧರ್ಮದೊಳಗಿದೆ. ಬಚ್ಚಲ ಕಿಂಡಿಯಾದಾಗ ಧರ್ಮದ ಹೊರಗೆ ಹೋಗುತ್ತದೆ.

ಹಸ್ತಿನಾವತಿಯ ದ್ಯೂತಸಭೆಯನ್ನು ನಮ್ಮ ಕವಿಗಳು ಮತ್ತೆ ಮತ್ತೆ ಹಾಡಿದ್ದಾರೆ. ಅದನ್ನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಮೊನಾಕೊದ ಬಂದರಿನಲ್ಲಿ ಅದರ ಒಂದು ಅಂಶ ಹೊಸದಾಗಿ ಹೊಳೆಯಿತು. ಅಲ್ಲಿ ಗೆದ್ದವರೂ ಸೋತವರೂ ಒಂದೇ ಮನೆತನದವರು, ಒಂದೇ ಮಾಡಿನ ಕೆಳಗೆ ಕುಳಿತವರು. ಸೋಲಿನ ಫಲವನ್ನು ಅದೇ ಸಭೆಗೆ ಮುಡಿಹಿಡಿದು ಎಳೆತಂದರು. ಭೀಷ್ಮ ದ್ರೋಣರು ತಲೆ ತಗ್ಗಿಸಿದ್ದು ಅದು ಕಣ್ಣೆದುರಿಗೇ ನಡೆದದ್ದರಿಂದ. ದ್ರೌಪದಿ ಕೇಳಿದ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಅವರಿಗೆ ಬೇರೊಂದು ಊರಿರಲಿಲ್ಲ. ಈ ಕಾಲದ ಜಾಣತನವೆಂದರೆ ಗೆಲುವಿಗೊಂದು ಮಾಡು, ಸೋಲಿಗೊಂದು ಮಾಡು ಕಟ್ಟಿದ್ದು. ಗೆಲುವು ಮಾಂಟೆ ಕಾರ್ಲೊದಲ್ಲಿ. ಸೋತವನು ರಾತ್ರಿಯ ರೈಲು ಹತ್ತಿ ತನ್ನೂರಿಗೆ ಹೋಗುತ್ತಾನೆ, ಅವನ ಹೆಂಡತಿ ಅಳುವುದು ಅಲ್ಲಿ. ಸಭೆಯಲ್ಲಿ ವಿದುರನಿಲ್ಲವೆಂದಲ್ಲ, ಅವನು ಬಾಗಿಲಲ್ಲೇ ನಿಂತಿದ್ದಾನೆ, ಆದರೆ ಎಚ್ಚರಿಕೆ ಹೇಳುವುದು ಮನೆಯವರಿಗೆ ಮಾತ್ರ.

ನಾಲ್ಕನೆಯ ವಾದವೂ ಇಲ್ಲಿಗೇ ಬಂದು ಸೇರುತ್ತದೆ. ಜೂಜಿನ ಪಾಲು ಕುಗ್ಗಿರಬಹುದು, ಕ್ರಮ ಬದಲಾಗಿಲ್ಲ. ಆದಾಯ ತೆರಿಗೆಯಿಲ್ಲದ ಊರಿಗೆ ಬೇರೆ ನಾಡುಗಳ ಧನಿಕರು ಬಂದು ನೆಲೆಸಿದರೆ ಅವರ ತಾಯ್ನಾಡಿನ ಶಾಲೆ ಆಸ್ಪತ್ರೆಗಳಿಗೆ ಸಲ್ಲಬೇಕಾದ ಹಣ ಸಲ್ಲದೆ ಹೋಗುತ್ತದೆ. 1962ರಲ್ಲಿ ಫ್ರಾನ್ಸಿನ ಅಧ್ಯಕ್ಷ ದಗಾಲ್ ಇದಕ್ಕಾಗಿಯೇ ಮುನಿದು ಗಡಿಯಲ್ಲಿ ಸುಂಕದ ಕಾವಲಿಟ್ಟ. 1963ರ ಒಪ್ಪಂದದ ಮೇಲೆ ಅಲ್ಲಿ ನೆಲೆಸುವ ಫ್ರೆಂಚರು ಫ್ರಾನ್ಸಿಗೆ ತೆರಿಗೆ ತೆರಬೇಕಾಯಿತು. ಕೊಳಕು ಹಣದ ಮೇಲಿನ ಕಾವಲು ಸಾಲದೆಂದು 2024ರ ಜೂನಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ಕಾರ್ಯಪಡೆ ಮೊನಾಕೊವನ್ನು ತನ್ನ ನಿಗಾಪಟ್ಟಿಗೆ ಸೇರಿಸಿತು. ಲಾಭ ಒಳಗೆ, ನಷ್ಟ ಹೊರಗೆ: ಚಕ್ರ ಬೇರೆ, ಸೊನ್ನೆ ಅದೇ.

ಹಾಗೆಂದು ಆ ಹಣದಿಂದ ಒಳ್ಳೆಯದಾಗಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಚಾರ್ಲ್ಸನ ಮಗ ಒಂದನೆಯ ಆಲ್ಬರ್ಟ್ ಕಡಲಿನ ವಿದ್ಯೆಗೆ ಬಾಳನ್ನೇ ಮುಡಿಪಿಟ್ಟವನು. ಬಂಡೆಯಂಚಿನ ಆ ಮ್ಯೂಸಿಯಂ ಅವನು 1910ರಲ್ಲಿ ತೆರೆದದ್ದು. 1901ರಲ್ಲಿ ಅವನ ಹಡಗಿನಲ್ಲಿ ಪ್ರವಾಸ ಮಾಡಿದ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಎಂಬ ವಿಜ್ಞಾನಿಗಳು ಕಡಲಜೀವಿಗಳ ವಿಷದ ಮೇಲೆ ಪ್ರಯೋಗ ಮೊದಲು ಮಾಡಿದರು. ಒಮ್ಮೆ ಒಗ್ಗಿದಂತೆ ಕಂಡ ವಸ್ತುವೇ ಎರಡನೆಯ ಸಲ ಪ್ರಾಣಕ್ಕೆ ಎರವಾಗುವ ವಿಪರೀತ ಪ್ರತಿಕ್ರಿಯೆಯನ್ನು ಅದರಿಂದ ಕಂಡುಕೊಂಡರು. ರಿಶೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ಬಂತು. ಇಂದು ಔಷಧಿಯ ಚುಚ್ಚುಮದ್ದು ಕೊಡುವ ಮುಂಚೆ ಎಚ್ಚರ ವಹಿಸುವ ವೈದ್ಯನಿಗೆ ಆ ಅರಿವಿನ ಋಣವಿದೆ. ಹಾಗಾದರೆ ಒಳ್ಳೆಯ ವಿನಿಯೋಗ ಮೂಲವನ್ನು ತೊಳೆಯುತ್ತದೆಯೆ?

ಈ ಪ್ರಶ್ನೆಯನ್ನು ಕಲ್ಯಾಣದಲ್ಲಿ ಒಬ್ಬ ಹೆಂಗಸು ಎದುರಿಸಿದ್ದಳು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದವಳು ಲಕ್ಕಮ್ಮ. ಆ ಅಕ್ಕಿ ಕದ್ದದ್ದಲ್ಲ. ಬೇಯಿಸಿದ್ದರೆ ಜಂಗಮರಿಗೇ ಸಲ್ಲುತ್ತಿತ್ತು. ಆದರೂ ಉಣ್ಣುವ ಬಾಯಿ ಒಳ್ಳೆಯದೆಂಬ ಕಾರಣದಿಂದ ತರುವ ಕೈಗೆ ರಿಯಾಯಿತಿ ಕೊಡಲು ಅವಳು ಒಪ್ಪಲಿಲ್ಲ. ಲಕ್ಕಮ್ಮನ ತಕ್ಕಡಿಯಲ್ಲಿ ತೂಗಿದರೆ ರಾಜ್ಯಗಳ ಬೊಕ್ಕಸಗಳಲ್ಲಿ ಎಷ್ಟು ಉಳಿದೀತು!

ರಾಜ್ಯಗಳೆಂದೆ; ಏಕೆಂದರೆ ಮೊನಾಕೊವನ್ನು ಬೈದು ಸಮಾಧಾನಪಟ್ಟುಕೊಳ್ಳುವ ಹಕ್ಕು ನಮಗಿಲ್ಲ. ದಕ್ಷಿಣ ಕೊರಿಯದಲ್ಲಿ ಒಂದನ್ನುಳಿದು ಬೇರಾವ ಕ್ಯಾಸಿನೊಗೂ ಸ್ವದೇಶೀಯರಿಗೆ ಪ್ರವೇಶವಿಲ್ಲ. ಅಷ್ಟು ದೂರವೇಕೆ? ಪಣಜಿಯಲ್ಲಿ ಮಾಂಡವಿ ನದಿಯ ಮೇಲೆ ದೀಪಗಳಿಂದ ಝಗಝಗಿಸುವ ಹಡಗುಗಳು ನಿಂತಿವೆ. ಅಲ್ಲಿನ ಜೂಜಿನ ಕೋಣೆಗಳಿಗೆ ಗೋವೆಯವರು ಹೋಗಕೂಡದೆಂಬ ಕಟ್ಟಳೆಯನ್ನು 2020ರ ಫೆಬ್ರವರಿಯಲ್ಲಿ ಜಾರಿಗೆ ತಂದರು. ಹಾಗಾದರೆ ಆ ಹಡಗುಗಳನ್ನು ಸಾಕುತ್ತಿರುವವರಾರು? ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳಿಂದ ವಾರದ ಕೊನೆಗೆ ಬಸ್ಸು ಕಾರುಗಳಲ್ಲಿ ಹೊರಡುವ ನಮ್ಮವರೂ ಅದರಲ್ಲಿದ್ದಾರೆ. ಮಾಂತೋನಿನ ರೈತನಂತೆ ನಾವು ಈ ಸಲ ಗಡಿಯ ಆ ಕಡೆಯವರು. ಪ್ಯಾರಿಸಿನಲ್ಲಿ ಮುಚ್ಚಿದ ಬಾಗಿಲು ಹೊಂಬುರ್ಗಿನಲ್ಲಿ ತೆರೆದಂತೆ, ಅಲ್ಲಿ ಮುಚ್ಚಿದ್ದು ಮೊನಾಕೊಗೆ ಲಾಭವಾದಂತೆ, ಒಂದು ನಾಡಿನ ನಿಷೇಧ ನೆರೆಯ ನಾಡಿನ ಬಂಡವಾಳ.

ಇನ್ನು ನಮ್ಮ ಮನೆಯೊಳಗಿನ ಮಾತು. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಲ್ಲಿಸಿತು. ಅದೇ ವರ್ಷ ಸಾರಾಯಿಯನ್ನೂ ನಿಲ್ಲಿಸಿತು. ಕೂಲಿಯವನು ಸಂಜೆಗೆ ಕೈಗೆ ಬಂದದ್ದನ್ನು ಚೀಟಿಗೆ ಸುರಿಯುವುದನ್ನು ಕಂಡವರಿಗೆ ಆ ನಿರ್ಣಯದ ಬೆಲೆ ಗೊತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಸಂಸತ್ತೂ ಕಾಯಿದೆ ಮಾಡಿತು. ಆದರೆ ಅಬಕಾರಿ ಉಳಿದಿದೆ. 2023-24ರಲ್ಲಿ ನಮ್ಮ ರಾಜ್ಯಕ್ಕೆ ಅದರಿಂದ ಬಂದದ್ದು ಮೂವತ್ತು ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಹಣ. ಮೊನಾಕೊ ತನ್ನವರನ್ನಾದರೂ ಉಳಿಸಿಕೊಂಡಿತು; ನಾವು ತನ್ನವರಿಂದಲೇ ತೆಗೆದು ತನ್ನವರಿಗೆ ಹಂಚುತ್ತಿದ್ದೇವೆ. ನನ್ನ ಸಂಬಳ ಸರ್ಕಾರದ ಬೊಕ್ಕಸದಿಂದ ಬರುತ್ತದೆ. ವಚನದ ಪಾಠ ಹೇಳಿದ್ದಕ್ಕೆ ತಿಂಗಳ ಕೊನೆಯಲ್ಲಿ ಕೈಗೆ ಬರುವ ಹಣದಲ್ಲಿ ಯಾವುದೋ ಹಳ್ಳಿಯ ಸಂಸಾರವೊಂದರ ಬಾರದ ಸಂಬಳವೂ ಸೇರಿರುತ್ತದೆ. ಗಡಿಯೆಂಬುದು ದೇಶದೇಶಗಳ ನಡುವೆಯೇ ಇರಬೇಕೆಂದಿಲ್ಲ. ಒಂದೇ ಊರಿನಲ್ಲಿ ಈ ಪತ್ರಿಕೆಯನ್ನು ಕಾಫಿಯೊಡನೆ ಓದುವವರ ಬಡಾವಣೆಗೂ ಸಂಜೆ ಅಂಗಡಿಯ ಮುಂದೆ ಸಾಲು ನಿಲ್ಲುವವರ ಕೇರಿಗೂ ನಡುವೆ ಅದು ಇರಬಲ್ಲದು.

ಹಾಗಾದರೆ ಏನು ಮಾಡಬೇಕು? ಎಲ್ಲವನ್ನೂ ಒಂದೇ ದಿನ ಮುಚ್ಚಿಬಿಡಿ ಎನ್ನುವುದು ಸುಲಭ. ಮುಚ್ಚಿದ್ದು ಎಲ್ಲಿ ತೆರೆಯುತ್ತದೆಂಬುದನ್ನು ಆಗಲೇ ನೋಡಿದೆವು. ಲಕ್ಕಮ್ಮನ ನಿಷ್ಠುರತೆ ವ್ಯಕ್ತಿಗೆ ಸಾಧ್ಯ. ರಾಜ್ಯಕ್ಕೆ ಅಷ್ಟು ಬೇಗ ಸಾಧ್ಯವಿಲ್ಲ. ಆದರೆ ಎರಡು ಕೆಲಸಗಳು ಅಸಾಧ್ಯವಲ್ಲ. ಮೊದಲನೆಯದು, ಅಡಿಗೆಮನೆಯ ಆ ಸಣ್ಣ ನಿಯಮ: ಮನೆಯವರಿಗೆ ಬಡಿಸಲಾರದ್ದನ್ನು ನೆಂಟರಿಗೆ ಬಡಿಸಬಾರದು. ಒಂದು ವ್ಯಾಪಾರ, ಒಂದು ಕಾನೂನು, ಒಂದು ಆದಾಯ ನ್ಯಾಯವೋ ಅಲ್ಲವೋ ಎಂಬ ಸಂದೇಹ ಬಂದಾಗ ಇದಕ್ಕಿಂತ ಸರಳವಾದ ಒರೆಗಲ್ಲು ನನಗೆ ತಿಳಿದಿಲ್ಲ. ಎರಡನೆಯದು, ಗೆಲುವನ್ನೂ ಸೋಲನ್ನೂ ಮತ್ತೆ ಒಂದೇ ಮಾಡಿನ ಕೆಳಗೆ ತರುವುದು. ಮುಂಗಡ ಪತ್ರದಲ್ಲಿ ಅಬಕಾರಿಯ ಆದಾಯಕ್ಕೆ ಒಂದು ಸಾಲಿದೆ. ಆ ಆದಾಯಕ್ಕಾಗಿ ಮುರಿದ ಮನೆಗಳ, ಆಸ್ಪತ್ರೆಯ ಹಾಸಿಗೆಗಳ, ಶಾಲೆ ಬಿಟ್ಟ ಮಕ್ಕಳ ಲೆಕ್ಕಕ್ಕೆ ಅದರ ಪಕ್ಕದಲ್ಲಿ ಸಾಲಿಲ್ಲ. ಎರಡೂ ಅಂಕಿಗಳು ಒಂದೇ ಪುಟದಲ್ಲಿ ಬಂದರೆ ಓದುವವನಿಗೆ ತಾನು ಉಣ್ಣುತ್ತಿರುವುದು ಏನೆಂಬುದಾದರೂ ತಿಳಿಯುತ್ತದೆ. ತಿಳಿದ ಮಾತ್ರಕ್ಕೆ ಎಲ್ಲರೂ ತಟ್ಟೆಯನ್ನು ಸರಿಸಿ ಏಳುವುದಿಲ್ಲ, ನಿಜ. ಆದರೆ ತಿಳಿಯದಿರುವುದೇ ಸುಖವೆಂದು ಗೋಡೆ ಕಟ್ಟಿಕೊಂಡ ಊರಿನಲ್ಲಿ ಆ ಪ್ರಶ್ನೆಯನ್ನು ಕೇಳುವ ದ್ರೌಪದಿಗೆ ಸಭೆಯೂ ಸಿಗುವುದಿಲ್ಲ.